ಸೆರೆಮನೆಯ ಚಾಕರಿ



ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಹುಡುಗರು ಪೊಲೀಸು ನೌಕರಿಗೆ ಹೊರಟರೆ ಹೆತ್ತವರು ಹಿಗ್ಗುತ್ತಾರೆ. ಅದೇ ಹುಡುಗ ಜೈಲಿನ ವಾರ್ಡರ್ ಆಗುತ್ತೇನೆಂದರೆ, 'ಕಳ್ಳಕಾಕರ ಸಹವಾಸ ನಿನಗ್ಯಾಕಪ್ಪಾ' ಎನ್ನುತ್ತಾರೆ. ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ಈ ಅಂಜಿಕೆಯನ್ನು ನಾವು ಸ್ವಲ್ಪ ವಿಚಾರಿಸಿ ನೋಡಬೇಕು.

ಒಳಗಿರುವವರೆಲ್ಲ ಕಳ್ಳರೇ ಏನು? 2022ರ ಕೊನೆಗೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದ ನೂರು ಜನರಲ್ಲಿ ಸುಮಾರು 75 ಮಂದಿ ವಿಚಾರಣಾಧೀನರು. ಅಂದರೆ ಅಪರಾಧಿಗಳೆಂದು ನ್ಯಾಯಾಲಯ ಇನ್ನೂ ಹೇಳದೆ ಇದ್ದವರು. ಜಾಮೀನು ಸಿಕ್ಕರೂ ಕಟ್ಟಲು ಹಣವಿಲ್ಲದೆ ಉಳಿದ ಬಡವರೂ ಅಂಥವರಲ್ಲಿರುತ್ತಾರೆ. ಇವರನ್ನು ಬೆಳಿಗ್ಗೆ ಎಣಿಸಿ ಬಾಗಿಲು ತೆರೆಯುವವನು, ಸಂಜೆ ಎಣಿಸಿ ಬೀಗ ಹಾಕುವವನು ವಾರ್ಡರ್. ಶಿಕ್ಷೆ ವಿಧಿಸುವುದು ನ್ಯಾಯಾಧೀಶರ ಕೆಲಸ. ಅದರ ಮೇಲೆ ತನ್ನದೊಂದು ಏಟು, ಒಂದು ಬೈಗುಳ ಸೇರಿಸೆಂದು ವಾರ್ಡರನಿಗೆ ಯಾರೂ ಹೇಳಿಲ್ಲ. ಸೆರೆಮನೆಯ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳೆಲ್ಲ ಅಳಿದುಹೋಗುವುದಿಲ್ಲವೆಂದು ಸುನೀಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ಜಾತಿಯ ಮಾತು. ಅದು ಆ ಎತ್ತರದ ಗೋಡೆಯನ್ನೂ ಹಾರಿ ಒಳಗೆ ಹೋಗಿತ್ತು! ಅಡಿಗೆ ಮಾಡುವುದು ಇಂಥ ಜಾತಿಯವನು, ಕಸ ಗುಡಿಸುವುದು ಇಂಥವನು ಎಂದು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಚ್ಚು ಹಾಕಿಸಿಟ್ಟಿದ್ದರು. ಬ್ರಿಟಿಷರು ಹೋಗಿ 77 ವರ್ಷಗಳಾದ ಮೇಲೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಅದನ್ನು ತೊಡೆದುಹಾಕಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಮಗೆ ಇದು ಸಂತೋಷದ ಸಂಗತಿ. ಆದರೆ ತೀರ್ಪು ಕಾಗದದಲ್ಲಿದ್ದರೆ ಸಾಲದು. ಬೆಳಿಗ್ಗೆ ಪೊರಕೆಯನ್ನು ಯಾರ ಕೈಗೆ ಕೊಡುತ್ತಾರೆ? ಅದನ್ನು ನಿಂತು ನೋಡಬೇಕಾದವನು ಆ ವಾರ್ಡರನೇ.

ನೌಕರಿ ಸುಲಭದ್ದಲ್ಲ. ರಾತ್ರಿ ಪಾಳಿ ಉಂಟು, ಹಬ್ಬಕ್ಕೆ ರಜೆ ಸಿಕ್ಕೀತೆಂಬ ಭರವಸೆಯಿಲ್ಲ. ಬೀಡಿ ಕಟ್ಟು, ಮೊಬೈಲು ಒಳಗೆ ತಂದುಕೊಡೆಂದು ನೋಟು ಚಾಚುವವರು ಇರುತ್ತಾರೆ. ಆ ನೋಟು ಮುಟ್ಟಿದ ದಿನವೇ ಬೀಗದ ಕೈ ಅವರ ವಶವಾಯಿತೆಂದು ತಿಳಿಯಿರಿ. ಆಮೇಲೆ ಯಾರು ಯಾರನ್ನು ಕಾಯುತ್ತಾರೆ?

ಆದ್ದರಿಂದ ತಾಯಂದಿರೇ, ಹುಡುಗ ಅರ್ಜಿ ಹಾಕುತ್ತೇನೆಂದರೆ ತಡೆಯಬೇಡಿರಿ. ಮಗನನ್ನು ನೋಡಲು ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮುದುಕಿ ಜೈಲಿನ ಗೇಟಿನಲ್ಲಿ ನಡುಗುತ್ತ ನಿಂತಿರುತ್ತಾಳೆ. 'ಇಲ್ಲಿ ಕುಂದರವ್ವಾ, ಮಗನ ಹೆಸರು ಹೇಳು, ಕೇಳಿಕೊಂಡು ಬರ್ತೀನಿ' ಎನ್ನುವವನೊಬ್ಬ ಅಲ್ಲಿ ಬೇಕಾಗಿದ್ದಾನೆ.