ರಕ್ತ ಒಯ್ದವರ ಬಾಕಿ

     

ಅಸಮಾನತೆ, ಶಿಕ್ಷಣ, ಆರೋಗ್ಯ ಎಂದು ಕಲಬುರಗಿಯ ಈ ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ ಮೂರನ್ನೂ ಬಿಡಿಬಿಡಿಯಾಗಿ ಅಚ್ಚು ಹಾಕಿಸಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವು ಮೂರು ವಿಭಾಗ, ಮೂರು ಕಟ್ಟಡ. ಊರಿನಲ್ಲಿ ಹಾಗಿಲ್ಲ ಎನ್ನುವುದು ಹೊಸ ಮಾತೇನಲ್ಲ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನ ನಿಮಗೆಲ್ಲ ಗೊತ್ತು. ಸುಮಾರು 18,000 ಗಂಡಸರು, ಎಲ್ಲರಿಗೂ ತಿಂಗಳ ಸಂಬಳ, ಎಲ್ಲರಿಗೂ ಸರ್ಕಾರಿ ವೈದ್ಯ ಸೇವೆ. ಆದರೂ ಹುದ್ದೆ ಒಂದೊಂದು ಮೆಟ್ಟಿಲು ಇಳಿದ ಹಾಗೆ ಸಾವು ಒಂದೊಂದು ಮೆಟ್ಟಿಲು ಏರಿತ್ತು. ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನ ಸಾಹೇಬರಿಗಿಂತ ಕೆಳಗಿನ ಜವಾನರಲ್ಲಿ ಮೂರು ಪಟ್ಟಿಗೂ ಹೆಚ್ಚು. ಬೀಡಿ-ಸಿಗರೇಟು ಲೆಕ್ಕ ಹಾಕಿ ಕಳೆದರೂ ಅಂತರ ಉಳಿಯಿತು. ತಾಯಿಯ ಓದಿಗೂ ಮಗುವಿನ ಉಳಿವಿಗೂ ಇರುವ ನಂಟನ್ನು 1979ರಲ್ಲಿ ನೈಜೀರಿಯಾದ ಅಂಕಿಗಳಿಂದ ತೋರಿಸಿದ ಜಾನ್ ಕಾಲ್ಡ್‌ವೆಲ್ ಆಮೇಲೆ ನಮ್ಮ ಕರ್ನಾಟಕದ ಹಳ್ಳಿಗಳಿಗೇ ಬಂದರು. ಪಿ. ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ಜತೆ ಸೇರಿ 1988ರಲ್ಲಿ ಪುಸ್ತಕವನ್ನೂ ಹೊರತಂದರು. ಅದರ ಕನ್ನಡ ರೂಪವನ್ನು ನಾನಂತೂ ಕಂಡಿಲ್ಲ. ಯಾರಾದರೂ ಕಂಡಿದ್ದರೆ ಊಟದ ಹೊತ್ತಿನಲ್ಲಿ ಹೇಳಿ, ಸಂತೋಷಪಡುತ್ತೇನೆ.

ನಮ್ಮ ಭಾಗದ ಅಂಕಿಗಳೂ ನಿಮಗೆ ಬಾಯಿಪಾಠ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಯಾದಗಿರಿಯದು ಶೇ. 52ನ್ನೂ ಮುಟ್ಟಿರಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9 ಮಂದಿಗೆ ರಕ್ತಹೀನತೆ ಇತ್ತು. ಐದನೇ ಸುತ್ತಿಗೆ, ಅಂದರೆ 2019-21ಕ್ಕೆ, ಅದು ಇಳಿಯುವ ಬದಲು ಶೇ. 65.5ಕ್ಕೆ ಏರಿತು. ಈ ಕೊನೆಯ ಅಂಕಿಯನ್ನು ನಿನ್ನೆಯ ಗೋಷ್ಠಿಗಳಲ್ಲಿ ಏಳು ಸಲ ಕೇಳಿದೆ. ಎಂಟನೆಯ ಸಲ ಈಗ ನಾನೇ ಹೇಳಿದ್ದೇನೆ. ಆ ಮಕ್ಕಳ ಮನೆಯಲ್ಲಿ ಅದನ್ನು ಯಾರು, ಎಷ್ಟು ಸಲ ಹೇಳಿದರು?

ಅಳೆದ ಫಲಿತಾಂಶವನ್ನು ಅಳೆಸಿಕೊಂಡವರಿಗೆ ಹೇಳಬೇಕು: ನಾನು ಇಪ್ಪತ್ತು ವರ್ಷದಿಂದ ಜಗಳವಾಡುತ್ತಿರುವುದು ಇದೊಂದಕ್ಕೇ. ಬೇಸರವಾದರೆ ಸಹಿಸಿಕೊಳ್ಳಿ, ಇವತ್ತು ಅಧ್ಯಕ್ಷಳಾಗಿ ಮೈಕು ನನ್ನ ಕೈಯಲ್ಲಿದೆ.

1997ರ ಜನವರಿ. ಆಗ ಗುಲ್ಬರ್ಗ ಜಿಲ್ಲೆಗೆ ಸೇರಿದ್ದ ಶಹಾಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಹಾಜರಿಗೂ ರಕ್ತದ ಹಿಮೋಗ್ಲೋಬಿನ್ ಪ್ರಮಾಣಕ್ಕೂ ಸಂಬಂಧ ಹುಡುಕುವುದು ನನ್ನ ಪಿಎಚ್‌ಡಿ ವಿಷಯ. ಬೆರಳಿಗೆ ಸೂಜಿ ಚುಚ್ಚಿ, ಸಣ್ಣ ಗಾಜಿನ ನಳಿಗೆಯಲ್ಲಿ ಇಪ್ಪತ್ತು ಮೈಕ್ರೋಲೀಟರ್ ರಕ್ತ ಎಳೆದು, ಸೋಸು ಕಾಗದದ ಚೂರಿನ ಮೇಲೆ ಬಿಡುತ್ತಿದ್ದೆವು. ಕಾಗದ ಒಣಗಬೇಕು, ಪೆನ್ಸಿಲಿನಲ್ಲಿ ನಂಬರ್ ಬರೆಯಬೇಕು, ಲಕೋಟೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು. ಆ ದಿನ ಕಿಟಕಿಯಿಂದ ಗಾಳಿ ಬಂದು ಬೆಂಚಿನ ಮೇಲೆ ಒಣಗಲು ಇಟ್ಟಿದ್ದ ಚೂರುಗಳು ಹಾರತೊಡಗಿದವು. ಹುಡುಗಿಯರು ಕಿಲಕಿಲ ನಗುತ್ತ ಓಡಾಡಿ ತಮ್ಮತಮ್ಮ ರಕ್ತವನ್ನು ತಾವೇ ಹೆಕ್ಕಿ ತಂದುಕೊಟ್ಟರು. ಮೇಷ್ಟ್ರು ಸೀಮೆಸುಣ್ಣದ ಡಬ್ಬಿಯನ್ನು ಭಾರಕ್ಕೆ ಇಟ್ಟರು. ಒಂದೂವರೆ ತಿಂಗಳ ಮೇಲೆ ಫಲಿತಾಂಶ ಅಂಚೆಯಲ್ಲಿ ಬಂತು. ನಾನು ಅದನ್ನು ಕೋಷ್ಟಕಕ್ಕೆ ಏರಿಸಿದೆ. ಊರಿಗೆ ಹೋಗಲಿಲ್ಲ.

ಮರು ವರ್ಷ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದಾಗ ಒಬ್ಬ ತಾಯಿ ದಾರಿಯಲ್ಲೇ ನಿಲ್ಲಿಸಿದರು. 'ಹ್ವಾದ ವರ್ಷ ನಮ್ಮ ಹುಡುಗಿ ರಕ್ತ ಒಯ್ದಿದ್ರೆಲ್ರಿ ಮೇಡಮ್ರ, ಏನ್ ಬಂತ್ರಿ ಅದ್ರಾಗ?' ನನ್ನ ಚೀಲದಲ್ಲಿ ಹಾಳೆ ಇತ್ತು. ನಂಬರ್ 214. ಹನ್ನೆರಡು ವರ್ಷ. 7.4 ಗ್ರಾಂ. ಆ ವಯಸ್ಸಿನ ಹುಡುಗಿಗೆ 12 ಇರಬೇಕು, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಆಕಿ ಮಬ್ಬ ಇರ್ಲಿಲ್ಲೇನ್ರಿ?' ಎಂದರು. ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಆ ಹುಡುಗಿ ತೂಕಡಿಸುತ್ತಿದ್ದಳಂತೆ. ಮೇಷ್ಟ್ರು ಮಬ್ಬು ಎಂದು ಬೈದು ಹಿಂದಿನ ಸಾಲಿಗೆ ಕೂರಿಸಿದ್ದರು. ತಂದೆ-ತಾಯಿಯೂ ಅದನ್ನೇ ನಂಬಿದರು. ಓದು ಹತ್ತದ ಹುಡುಗಿಗೆ ಶಾಲೆ ಯಾಕೆ ಎಂದು ಆ ವರ್ಷ ಗುಳೆ ಹೋದಾಗ ಜತೆಗೇ ಕರೆದೊಯ್ದರು. ನಾನು ಹೋದ ದಿನ ಅವಳು ಯಾವುದೋ ಊರಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು.

ನನ್ನ ಮಹಾಪ್ರಬಂಧದಲ್ಲಿ ಅವಳು 'ಶಾಲೆ ಬಿಟ್ಟವರು' ಎಂಬ ಕಂಬದಲ್ಲಿ ಇದ್ದಾಳೆ, 'ತೀವ್ರ ರಕ್ತಹೀನತೆ' ಎಂಬ ಕಂಬದಲ್ಲೂ ಇದ್ದಾಳೆ. ಎರಡರ ನಡುವಿನ ಸಂಬಂಧ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ಎಂದು ಬರೆದು ನಾನು ಪದವಿ ಪಡೆದೆ. ಆ ಸಂಬಂಧದಲ್ಲಿ ನನ್ನ ಪಾಲೂ ಇತ್ತು. ಅದಕ್ಕೆ ಕಂಬ ಹಾಕಿರಲಿಲ್ಲ. ಕಬ್ಬಿಣದ ಮಾತ್ರೆ ಆಗಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತಿತ್ತು. ಮಾತ್ರೆಗಿಂತ ಹೆಚ್ಚಾಗಿ, 7.4 ಎಂಬ ಅಂಕಿ ಮೇಷ್ಟ್ರ ಕಿವಿಗೆ ಬಿದ್ದಿದ್ದರೆ ಮಬ್ಬು ಎಂಬ ಪದ ಅವರ ಬಾಯಿಗೆ ಬರುತ್ತಿರಲಿಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಆಗ ನನಗೆ ಸೋಸು ಕಾಗದದ ನೆಪವಾದರೂ ಇತ್ತು. ಈಗ ಅದೂ ಇಲ್ಲ. ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಒಂದು ಹನಿ ಹಾಕಿದರೆ ನಿಮಿಷದೊಳಗೆ ಮಗುವಿನ ಕಣ್ಣೆದುರೇ ಅಂಕಿ ಮಿನುಗುತ್ತದೆ. ಹೋದ ವರ್ಷ ಒಂದು ಶಾಲೆಯಲ್ಲಿ ಕೂತು ನೋಡಿದೆ. ಕ್ಷೇತ್ರ ಸಹಾಯಕ ಅಂಕಿಯನ್ನು ಟ್ಯಾಬಿಗೆ ಒತ್ತಿದ, ಯಂತ್ರ ಒರೆಸಿದ, 'ಮುಂದಿನವರು ಬರ್ರಿ' ಅಂದ. ಹುಡುಗಿ ಬೆರಳಿಗೆ ಹತ್ತಿ ಒತ್ತಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಹೇಳಬಾರದೇನಪ್ಪಾ ಎಂದರೆ, ಪ್ರೋಟೋಕಾಲಿನಲ್ಲಿ ಇಲ್ಲ ಮೇಡಂ ಎಂದ. ಅವನದೇನೂ ತಪ್ಪಿಲ್ಲ. ಪ್ರೋಟೋಕಾಲ್ ಬರೆದವರು ಈ ಸಭಾಂಗಣದಲ್ಲೇ ಇದ್ದೇವೆ.

ಇದು ಆಗದ ಕೆಲಸವೂ ಅಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ದೇಶದ 6,36,699 ಮನೆಗಳನ್ನು ತಟ್ಟಿತು. ಅಷ್ಟು ದೊಡ್ಡ ಸಮೀಕ್ಷೆಯಲ್ಲೇ ರಕ್ತದ ಫಲಿತಾಂಶವನ್ನು ಮನೆಯವರಿಗೆ ತಿಳಿಸುವ ಏರ್ಪಾಡಿತ್ತು, ತೀವ್ರವಾಗಿದ್ದರೆ ಆಸ್ಪತ್ರೆಗೆ ಕಳಿಸುವ ಏರ್ಪಾಡೂ ಇತ್ತು. ಆರು ಲಕ್ಷ ಮನೆಗೆ ಆದದ್ದು ನಾನೂರು ಮಕ್ಕಳಿಗೆ ಯಾಕೆ ಆಗುವುದಿಲ್ಲ? ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೂ ಸಂಶೋಧನೆಯ ಫಲ ಅದರಲ್ಲಿ ಪಾಲ್ಗೊಂಡವರಿಗೆ ತಲುಪಬೇಕು ಎನ್ನುತ್ತದೆ. ನಮ್ಮ ನೈತಿಕ ಸಮಿತಿಗಳು ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟು ಇದೆಯೇ ಎಂದು ನೋಡುತ್ತವೆ. ರಕ್ತ ಕೊಡಲು ಹೆಬ್ಬೆಟ್ಟು ಬೇಕು, ಫಲಿತಾಂಶ ಕೊಟ್ಟದ್ದಕ್ಕೆ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ.

ಫಲಿತಾಂಶ ಹೇಳಿದರೆ ಮಾದರಿಯೇ ಕೆಟ್ಟುಹೋಗುತ್ತದೆ, ಹುಡುಗಿ ಮಾತ್ರೆ ನುಂಗಿದರೆ ಎರಡನೇ ಸುತ್ತಿನ ಅಳತೆಗೆ ಅರ್ಥವಿರುವುದಿಲ್ಲ ಎಂದು ಹಿಂದೆ ಇದೇ ಸಮ್ಮೇಳನದಲ್ಲಿ ಒಬ್ಬ ಹಿರಿಯ ವಿದ್ವಾಂಸರು ಎದ್ದುನಿಂತು ವಾದಿಸಿದ್ದರು. ನಾನು, ಹಾಗಾದರೆ ನಿಮ್ಮ ಮೊಮ್ಮಗಳ ರಕ್ತ ತೆಗೆದು ಎರಡು ವರ್ಷ ಸುಮ್ಮನಿರುತ್ತೇವೆ, ಆದೀತೇ ಎಂದೆ. ಸಭೆ ನಕ್ಕಿತು, ಅವರು ನಗಲಿಲ್ಲ. ನಾಲ್ಕು ವರ್ಷ ಮಾತು ಬಿಟ್ಟರು. ಮೊಮ್ಮಗಳನ್ನು ಎಳೆದು ತಂದದ್ದು ನನ್ನ ತಪ್ಪು, ಇವತ್ತು ಮುಂದಿನ ಸಾಲಿನಲ್ಲಿ ಕೂತಿರುವ ಅವರ ಕ್ಷಮೆ ಕೇಳುತ್ತೇನೆ. ವಾದವನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಹಳೆಯ ನೋವು. ಒಂದು ಯೋಜನೆಗೆ ಧನಸಹಾಯ ಕೇಳಿದಾಗ ಫಲಿತಾಂಶದ ಚೀಟಿ ಅಚ್ಚು ಹಾಕಿಸಲು, ಊರೂರಿಗೆ ಹೋಗಿ ಓದಿ ಹೇಳಲು ಹದಿನೆಂಟು ಸಾವಿರ ರೂಪಾಯಿ ಬರೆದಿದ್ದೆ. ಸಮಿತಿ ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಪ್ರಚಾರ ವೆಚ್ಚ' ಎಂದು ಬರೆಯಿತು. ಅದೇ ಹಾಳೆಯಲ್ಲಿ ಹೋಟೆಲಿನ ಎರಡು ದಿನದ ಕಾರ್ಯಾಗಾರಕ್ಕೆ ಇದರ ಹತ್ತು ಪಟ್ಟು ಬರೆದಿದ್ದೆ. ಅದು ಪೈಸೆ ಕಡಿತವಿಲ್ಲದೆ ಪಾಸಾಯಿತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಭಾಷೆಯ ಮಾತೂ ಇದಕ್ಕೇ ಸೇರಿದ್ದು. 'ಕಳೆದ ಹನ್ನೆರಡು ತಿಂಗಳಲ್ಲಿ ತಮ್ಮ ಕುಟುಂಬವು ಆಹಾರ ಅಭದ್ರತೆಯನ್ನು ಅನುಭವಿಸಿದೆಯೇ?' ಎಂದು ನಮ್ಮ ಪ್ರಶ್ನಾವಳಿ ಕೇಳುತ್ತದೆ. ಒಬ್ಬ ಅಜ್ಜಿ 'ಅದು ನಮ್ಮೂರಿಗಿ ಇನ್ನಾ ಬಂದಿಲ್ಲ ತಮ್ಮಾ' ಎಂದಳಂತೆ. ಏನೋ ಹೊಸ ಯೋಜನೆ ಎಂದುಕೊಂಡಿರಬೇಕು. ಒಂದು ಹೊತ್ತು ಉಂಡು ಮಲಗಿದ್ದು ಇದೆಯೇನವ್ವಾ ಎಂದು ಕೇಳಿದ್ದರೆ ಸಂಜೆತನಕ ಹೇಳುತ್ತಿದ್ದಳು. ಹೀಗೆ ಕೇಳಲು ಬಾರದವರಿಗೆ ಉತ್ತರ ಹಿಂತಿರುಗಿಸಲೂ ಬಾರದು. 'ಮೈಯಾಗ ರಕ್ತ ಕಡಿಮಿ ಐತಿ' ಎನ್ನುವ ಮೂರ್ನಾಲ್ಕು ಪದ ಸಾಕಾಗುವಲ್ಲಿ ನಾವು ಹಿಮೋಗ್ಲೋಬಿನ್ ಸಾಂದ್ರತೆಯ ಭಾಷಾಂತರ ಮಾಡುತ್ತ ಕೂರುತ್ತೇವೆ.

ಜನಕ್ಕೆ ತಲುಪಿದ ಸಂಶೋಧನೆ ಏನು ಮಾಡಬಲ್ಲದು ಎಂಬುದನ್ನೂ ಕಂಡಿದ್ದೇವೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರುವಾದಾಗ ಎಷ್ಟು ಗದ್ದಲವಾಯಿತು! ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಸಿಗದ ಗದಗಿನ ಮಕ್ಕಳ ಜತೆ ಹೋಲಿಸಿ ನೋಡಿದ ಅಧ್ಯಯನದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೊಟ್ಟೆ ತಿಂದವರ ತೂಕ ಏರಿದ ಮಾತು ಚಹಾದಂಗಡಿಗೂ ಮುಟ್ಟಿತು. ಮುಂದಿನ ಶಾಲಾ ವರ್ಷ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. ಅಧ್ಯಯನದಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ರಾಜಕೀಯವೂ ಇತ್ತು. ಆದರೆ ತಾಯಂದಿರ ಕೈಗೆ ವಾದ ಮಾಡಲು ಒಂದು ಅಂಕಿ ಸಿಕ್ಕಿತ್ತು.

ಈಗ ನನ್ನ ಬೇಡಿಕೆ. ಮೊದಲನೆಯದು ಇವತ್ತು ಸಂಜೆಯ ಸರ್ವಸದಸ್ಯರ ಸಭೆಯಲ್ಲೇ ಠರಾವಾಗಬೇಕು: ನಮ್ಮ ಸದಸ್ಯರು ಯಾವ ಮಗುವಿನ ರಕ್ತ, ತೂಕ, ಎತ್ತರ ಅಳೆದರೂ ಅದೇ ದಿನ ಕನ್ನಡದ ಚೀಟಿ ಕೊಡಬೇಕು. ಬಂದ ಅಂಕಿ, ಇರಬೇಕಾದ ಅಂಕಿ, ಮುಂದೆ ಎಲ್ಲಿಗೆ ಹೋಗಬೇಕು, ಇಷ್ಟೇ. ರಕ್ತದ ಅಂಕಿ 8ಕ್ಕಿಂತ ಕಡಿಮೆ ಬಂದರೆ ಚೀಟಿ ಸಾಲದು, ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನು ಹೋಗಬೇಕು. ತರಗತಿಯಲ್ಲಿ ಎಲ್ಲರೆದುರು ಕೊಟ್ಟರೆ ಮಬ್ಬು ಹೋಗಿ ರೋಗಿಷ್ಟೆ ಎಂಬ ಹೊಸ ಹೆಸರು ಅಂಟುತ್ತದೆ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಜತೆ ಜಗಳ ಮಾಡಿದರು. ಅವರು ಹೇಳಿದ್ದೇ ಸರಿ. ಚೀಟಿ ಮಡಚಿ ಅಂಟಿಸಿ ತಾಯಿಯ ಕೈಗೇ ಕೊಡೋಣ, ಓದಲು ಬಾರದವರಿಗೆ ಓದಿ ಹೇಳೋಣ. ಎರಡನೆಯದು, ಅಧ್ಯಯನ ಮುಗಿದ ಆರು ತಿಂಗಳೊಳಗೆ ನಾಲ್ಕು ಪುಟದ ಕನ್ನಡ ವರದಿಯನ್ನು ಆ ಶಾಲೆಯ ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಸಂಶೋಧಕರೇ ಓದಬೇಕು. ಇದಕ್ಕೆ ಪ್ರತಿ ಯೋಜನೆಯಲ್ಲಿ ನೂರಕ್ಕೆ ಐದು ರೂಪಾಯಿ ತೆಗೆದಿಡಲಿ. ಅದನ್ನು ಪ್ರಚಾರ ಎನ್ನುವವರು ಪ್ರಚಾರ ಎನ್ನಲಿ.

ಮೂರನೆಯದು ಆಸೆ. 1934ರಿಂದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಆ ಹಳೆಯ ಪುಸ್ತಕಗಳೇ ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಶೋಧನೆಗೆ ಆಧಾರವಾದವು. ಇವತ್ತು ತಾಯಿ ಕಾರ್ಡಿನಲ್ಲಿ ಒಂದು ನಂಬರ್, ಶಾಲೆಯ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಇನ್ನೊಂದು. ಹುಟ್ಟಿದಾಗ ಎರಡು ಕಿಲೋ ಇದ್ದ ಮಗು ಐದನೇ ತರಗತಿಯಲ್ಲಿ ಯಾಕೆ ಹಿಂದೆ ಬಿತ್ತು ಎಂದು ಶಾಲೆ ಆಸ್ಪತ್ರೆಯನ್ನು ಕೇಳುವ ದಾರಿಯೇ ಇಲ್ಲ. ತಂದೆ-ತಾಯಿಯ ಒಪ್ಪಿಗೆಯಿಂದ, ಗೋಪ್ಯತೆ ಕಾಪಾಡಿಕೊಂಡು ಇವೆರಡನ್ನೂ ಜೋಡಿಸಬೇಕು. ನನ್ನ ಕಾಲಕ್ಕೆ ಆಗಲಿಕ್ಕಿಲ್ಲ. ಊರಿನಲ್ಲಿ ವರದಿ ಓದಿದ ಅಧ್ಯಾಪಕರಿಗೆ ಬಡ್ತಿಯಲ್ಲಿ ಅಂಕ ಕೊಡಬೇಕು ಎಂಬ ಇನ್ನೊಂದು ಆಸೆಯೂ ಇದೆ. ಕುಲಪತಿಗಳು ನಗುತ್ತಿದ್ದಾರೆ, ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತೇನೆ.

ಹೊತ್ತಾಯಿತು, ಮುಂದಿನ ಗೋಷ್ಠಿಯವರು ಬಾಗಿಲಲ್ಲಿ ನಿಂತಿದ್ದಾರೆ. ಚೀಟಿಯ ನಮೂನೆ ಮುನ್ನೂರು ಪ್ರತಿ ಅಚ್ಚು ಹಾಕಿಸಿ ತಂದಿದ್ದೇನೆ, ಹೊರಗೆ ನೋಂದಣಿ ಮೇಜಿನ ಮೇಲಿದೆ. ಖರ್ಚು ನನ್ನದೇ, ರಸೀದಿಯನ್ನು ಆ ಕೆಂಪು ಗೆರೆಯ ಹಾಳೆಗೇ ಪಿನ್ನು ಮಾಡಿಟ್ಟಿದ್ದೇನೆ. ಹೋಗುವಾಗ ತಲಾ ಒಂದೊಂದು ತೆಗೆದುಕೊಳ್ಳಿ. ಅದರ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ, ಸಂಜೆಯ ಸಭೆಗೆ ಮುಂಚೆ ನನ್ನ ಕೈಗೆ ಕೊಡಿ.