ಸರ್ವೆಯವರು ಅಂಗಳಕ್ಕೆ ಬಂದಾಗ

(ಪಂಜದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಫಾರಂ ಹಿಡಿದ ಕಾಲೇಜಿನವರು ಅಂಗಳಕ್ಕೆ ಬಂದರೆ ನಾವೇನು ಮಾಡುತ್ತೇವೆ? “ಅವರು ಮನೆಯಲ್ಲಿಲ್ಲ, ಸಂಜೆ ಬನ್ನಿ” ಅಂತೇವೆ. ಕಟ್ಟಿಗೆ ತರುವುದು, ನೀರು ಸೇದುವುದು ನಾವು. ಉತ್ತರ ಕೊಡುವುದು ಮಾತ್ರ ಗಂಡಸರು!

ಆ ಫಾರಂನಿಂದ ಏನಾಗುತ್ತದೆ ಗೊತ್ತುಂಟಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ತಂಡ ಹುಟ್ಟಿತು. ಪ್ರೊ. ಅಮೂಲ್ಯ ರೆಡ್ಡಿಯವರು ಅದರ ಮುಂದಾಳು. ತುಮಕೂರು ಜಿಲ್ಲೆಯ ಉಂಗ್ರ, ಪುರ ಮುಂತಾದ ಆರು ಹಳ್ಳಿಗಳಲ್ಲಿ ಇವರು ಮನೆಮನೆಗೆ ಹೋಗಿ ಕೇಳಿದರು: ಕಟ್ಟಿಗೆ ಎಷ್ಟು ಉರಿಯುತ್ತದೆ? ಅದನ್ನು ತರಲು, ನೀರು ಹೊರಲು ಎಷ್ಟು ಹೊತ್ತು ಬೇಕು? ಹಳ್ಳಿಗೆ ಶಕ್ತಿ ಎಂದರೆ ಕರೆಂಟು, ಡೀಸೆಲ್ ಎಂದು ನಾವೆಣಿಸುತ್ತೇವೆ. ಲೆಕ್ಕ ನೋಡಿದರೆ ಬಹುಪಾಲು ಅಡಿಗೆ ಒಲೆಯ ಕಟ್ಟಿಗೆ! ಹೊಗೆ ಕಡಿಮೆ, ಕಟ್ಟಿಗೆ ಉಳಿತಾಯ ಎಂದು ಊರೂರಿಗೆ ಬಂದ ‘ಅಸ್ತ್ರ ಒಲೆ’ ಈ ತಂಡದ್ದೇ.

ಪುರದ ಕಥೆ ಇನ್ನೂ ಚಂದ. ಅಲ್ಲಿ ಅಡಿಗೆಗೆ ಗೋಬರ್ ಗ್ಯಾಸ್ ಕೊಡಬೇಕೆಂದು ಯೋಜನೆ. ಆದರೆ ಎಲ್ಲ ಮನೆಗೆ ಸಾಕಾಗುವಷ್ಟು ಸೆಗಣಿ ಸಿಗಲಿಲ್ಲ. ಊರವರನ್ನು ಕೇಳಿದಾಗ “ಮೊದಲು ಒಳ್ಳೆ ನೀರು ಬೇಕು” ಎಂದರು. 1987ರಿಂದ ಅದೇ ಗ್ಯಾಸಿನಲ್ಲಿ ಇಂಜಿನ್ ಓಡಿಸಿ, ಬೋರ್‌ವೆಲ್ ನೀರನ್ನು ನಳ್ಳಿಗೆ ಬಿಟ್ಟರು, ಬಲ್ಬು ಉರಿಸಿದರು. ಸೆಗಣಿ ಕೊಟ್ಟ ಮನೆಗೆ ಗೊಬ್ಬರ ವಾಪಸ್. ಕಲಿತವರ ಅಂದಾಜನ್ನು ಊರವರ ಮಾತು ಸರಿಮಾಡಿತು.

ನಮ್ಮ ಕಡೆ ಹಾಗಾಗಲಿಲ್ಲ. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ, ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಎಂದಿತ್ತು. 2013ರ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ನೋಡಿ, ಶೇಕಡಾ 20 ಅಥವಾ ಹೆಚ್ಚು ಸಹಜ ಹಸಿರು ಕಂಡ ಗ್ರಾಮಗಳನ್ನು ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿಸಿತು. ಸುಳ್ಯ, ಕಡಬದ ಹಲವು ಗ್ರಾಮಗಳೂ ಬಂದವು. ತೋಟ, ಮನೆ ಹೋಗುತ್ತದೆಂದು ಜನ ಹೆದರಿದರು. ವರದಿ ನಿಷೇಧಿಸಲು ಹೇಳಿದ್ದು ಗಣಿ, ಕಲ್ಲುಕೋರೆ, ಕೆಂಪು ವರ್ಗದ ಕಾರ್ಖಾನೆಗಳಂಥವನ್ನು, ಒಕ್ಕಲೆಬ್ಬಿಸುವ ಮಾತಿರಲಿಲ್ಲ. ಆದರೆ ನಮ್ಮೊಟ್ಟಿಗೆ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದವರೆಷ್ಟು ಮಂದಿ? 2024ರವರೆಗೆ ಆರು ಸಲ ಕರಡು ಅಧಿಸೂಚನೆ ಹೊರಟಿತು. ಆ ವರ್ಷವೇ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು.

ಆದ್ದರಿಂದ ಸರ್ವೆಯವರು ಬಂದರೆ ಚಾಪೆ ಹಾಕಿ ಕೂರಿಸಿ, ನೀವೇ ಉತ್ತರ ಹೇಳಿ. “ವರದಿಯನ್ನು ನಮ್ಮ ಸಂಘಕ್ಕೆ ಬಂದು ಓದುತ್ತೀರಾ?” ಎಂದೂ ಕೇಳಿ.

ಇನ್ನೊಂದುಂಟು. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಪಂಚಾಯತ್‌ನಲ್ಲಿ ಊರಿನ ಗಿಡಮೂಲಿಕೆ, ತಳಿ, ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ತರಿಸಿ ನೋಡಿ. ನಮ್ಮ ಅಜ್ಜಿಯಂದಿರು ಬಾಣಂತಿಗೆ ಕೊಡುತ್ತಿದ್ದ ಮದ್ದಿನ ಸೊಪ್ಪು ಅದರಲ್ಲಿ ಉಂಟೋ ಇಲ್ಲವೋ, ಬರುವ ತಿಂಗಳ ಸಭೆಯಲ್ಲಿ ಹೇಳಿ.