ವಿದ್ಯುತ್ತು ಚಲನೆಯಾಗುವ ಬಗೆ

(ಯಲ್ಲದಕೆರೆಯಲ್ಲಿ ಕೂಡಿದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

ಶಾಸ್ತ್ರಪಾಠದಲ್ಲಿಯೇ ಕಾಲವನ್ನು ಕಳೆದ ನನ್ನಂಥವನು ಮೋಟಾರಿನ ವಿಷಯವಾಗಿ ಮಾತನಾಡಲು ನಿಂತಿರುವುದು ಕೆಲವರಿಗೆ ವಿಚಿತ್ರವೆಂದು ತೋರಬಹುದು. ಆದರೆ ಈ ಸೀಮೆಯ ತೆಂಗು, ಅಡಕೆ, ದಾಳಿಂಬೆ ತೋಟಗಳ ಜೀವವು ಇಂದು ಕೊಳವೆಬಾವಿಯೊಳಗಣ ಮೋಟಾರಿನಲ್ಲಿದೆ. ಅದು ನಿಂತರೆ ತೋಟವು ಒಣಗುವುದು. ಸುಟ್ಟರೆ ಮನೆಗೆ ಸಾಲ ಬರುವುದು. ಎತ್ತಿನ ಸ್ವಭಾವವನ್ನರಿತು ನೊಗ ಕಟ್ಟುತ್ತಿದ್ದವರ ಮಕ್ಕಳು ನಾವು. ಅಂಥ ನಾವು ಅನ್ನವನ್ನು ಕೊಡುವ ಈ ಯಂತ್ರದ ಸ್ವಭಾವವನ್ನು ಅರಿಯದಿರುವುದು ತರವಲ್ಲ.

ಹಿಂದೆ ಕಪಿಲೆ ಹೊಡೆಯುವಾಗ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದುವು, ಹಗ್ಗವು ಎಳೆಯುತ್ತಿದ್ದಿತು, ನೀರು ಮೇಲೇರುತ್ತಿದ್ದಿತು. ಅಲ್ಲಿ ಬಲವೆಲ್ಲಿಂದ ಬಂದಿತೆಂಬುದು ಕಣ್ಣಿಗೆ ಕಾಣುತ್ತಿದ್ದಿತು. ಮೋಟಾರಿನಲ್ಲಿಯಾದರೋ ತಂತಿ ಅಲುಗದು, ಅದರೊಳಗೆ ಹರಿಯುವುದು ಕಾಣದು. ಆದರೂ ಉಕ್ಕಿನ ದಂಡವು ಗಿರ್ರನೆ ತಿರುಗುವುದು. ಇದು ಹೇಗೆ?

ಕಣಾದ ಮಹರ್ಷಿಯ ವೈಶೇಷಿಕ ಸೂತ್ರಗಳನ್ನು ಓದಿದವರಿಗೆ, ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವ ಉದಾಹರಣೆಯು ನೆನಪಿರಬಹುದು. ಯಾರೂ ಮುಟ್ಟದೆಯೇ ಆಗುವ ಆ ಚಲನೆಗೆ ಅಲ್ಲಿ ‘ಅದೃಷ್ಟ’ವನ್ನು ಕಾರಣವಾಗಿ ಹೇಳಿದೆ. ಆ ಕಾಣದ ಬಲವು ವಿದ್ಯುತ್ತಿಗೂ ಸಂಬಂಧಪಟ್ಟುದೆಂದು 1820ರಲ್ಲಿ ಡೆನ್ಮಾರ್ಕ್ ದೇಶದ ಅರ್ಸ್ಟೆಡ್ ಎಂಬ ಪಂಡಿತನು ಕಂಡುಕೊಂಡನು. ವಿದ್ಯುತ್ತು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಮುಳ್ಳು ತಿರುಗಿತು. ಎಂದರೆ ತಂತಿಯೇ ಅಯಸ್ಕಾಂತದ ಗುಣವನ್ನು ಪಡೆದಿದ್ದಿತು. ಮರುವರ್ಷವೇ ಇಂಗ್ಲೆಂಡಿನ ಫ್ಯಾರಡೆಯು ಪಾದರಸದ ಬಟ್ಟಲಿನಲ್ಲಿ ತೂಗುಬಿಟ್ಟ ತಂತಿಯು ಅಯಸ್ಕಾಂತದ ಸುತ್ತ ಎಡೆಬಿಡದೆ ಸುತ್ತುವಂತೆ ಮಾಡಿದನು. ಮೋಟಾರಿನ ಬೀಜವು ಇದೇ. 1831ರಲ್ಲಿ ಅವನೇ ಇದರ ಮರುಮಗ್ಗುಲನ್ನೂ ತೋರಿದನು: ತಂತಿಯ ಬಳಿ ಅಯಸ್ಕಾಂತವು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದು.

ಈ ಎರಡು ಮಗ್ಗುಲುಗಳೂ ಒಂದುಗೂಡಿದುದನ್ನು ನಮ್ಮ ನಾಡು ಬಲು ಬೇಗನೆ ಕಂಡಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಲ್ಲಿ ಕಾವೇರಿಯ ಬೀಳುವ ನೀರು ಚಕ್ರವನ್ನು ತಿರುಗಿಸಿತು. ಅಲ್ಲಿ ಗಣಿಯ ಯಂತ್ರಗಳು ತಿರುಗಿದುವು. ನಡುವೆ ಇದ್ದುದು ತಂತಿ ಮಾತ್ರ. ಅಯ್ಯರವರು ಅದನ್ನು ಕಣ್ಣಾರೆ ಕಾಣದೆ 1901ರಲ್ಲಿಯೇ ದಿವಂಗತರಾದರು. ನಮ್ಮ ಹಿರಿಯೂರು ಸೀಮೆಯ ಮಾರಿಕಣಿವೆಯ ಅಣೆಕಟ್ಟೂ ಅವರ ಕಾಲದಲ್ಲಿಯೇ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಇಂದು ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರು ಇಷ್ಟನ್ನು ಸ್ಮರಿಸಬೇಕು: ಅಲ್ಲಿ ಚಲನೆಯು ವಿದ್ಯುತ್ತಾಗುವುದು, ನಿಮ್ಮ ಬಾವಿಯಲ್ಲಿ ವಿದ್ಯುತ್ತು ಮತ್ತೆ ಚಲನೆಯಾಗುವುದು.

ಇನ್ನು ಬಾವಿಯ ಮೋಟಾರಿನ ಒಳಗನ್ನು ನೋಡೋಣ. ಅದಕ್ಕೆ ಎರಡು ಅಂಗಗಳು. ಹೊರಗಿನದು ಕದಲದು, ಅದರಲ್ಲಿ ತಾಮ್ರದ ತಂತಿಯ ಸುರುಳಿಗಳು ಮೂರು ತಂಡವಾಗಿವೆ. ಇವಕ್ಕೇ ನಾವು ಮೂರು ಫೇಸುಗಳನ್ನು ಕೊಡುವುದು. ಮೂರೂ ಒಂದೇ ಕ್ಷಣದಲ್ಲಿ ಉಬ್ಬುವುದಿಲ್ಲ. ಒಂದರ ಹಿಂದೊಂದು, ಸೆಕೆಂಡಿನ 150ರಲ್ಲೊಂದು ಭಾಗದಷ್ಟು ಅಂತರದಲ್ಲಿ ಉಬ್ಬುವುವು. ಆದಕಾರಣ ಒಳಗಿನ ಅಯಸ್ಕಾಂತಬಲವು, ತೇರಿನ ಹಗ್ಗವನ್ನು ಒಬ್ಬರ ಕೈಯಿಂದ ಒಬ್ಬರು ಕೊಂಡಂತೆ, ಸುರುಳಿಯಿಂದ ಸುರುಳಿಗೆ ಸರಿಯುತ್ತ ಸುತ್ತುವುದು. ಕೊಳವೆಬಾವಿಯ ಮೋಟಾರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತು. ಒಳಗಿನ ಅಂಗವು ತಿರುಗತಕ್ಕುದು. ಅದರಲ್ಲಿ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಸರಳುಗಳಿದ್ದು, ಎರಡು ತುದಿಗಳಲ್ಲಿಯೂ ಬಳೆಗಳು ಅವನ್ನು ಕೂಡಿಸಿರುವುವು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಒಳಗಿನ ಅಂಗಕ್ಕೆ ಯಾವ ತಂತಿಯನ್ನೂ ಕಟ್ಟಿಲ್ಲ. ಹಾಗಿರುವಲ್ಲಿ ಅದೇಕೆ ತಿರುಗಬೇಕು? ಸಮಾಧಾನವೇನೆಂದರೆ, ಸುತ್ತುವ ಅಯಸ್ಕಾಂತಬಲವು ಆ ಸರಳುಗಳನ್ನು ಸವರಿಕೊಂಡು ಹೋಗುವಾಗ, ಫ್ಯಾರಡೆ ತೋರಿದಂತೆ, ಅವುಗಳಲ್ಲಿಯೂ ವಿದ್ಯುತ್ತು ಹುಟ್ಟುವುದು. ಆಗ ಒಳಗಿನದೂ ಅಯಸ್ಕಾಂತವಾಗಿ ಹೊರಗಿನ ಬಲದ ಬೆನ್ನು ಹತ್ತಿ ಓಡುವುದು. ಅದನ್ನು ಎಂದಿಗೂ ಪೂರ್ತಿ ಹಿಡಿಯಲಾರದು. ಹಿಡಿದುದಾದರೆ ಸವರುವಿಕೆ ಇಲ್ಲ, ವಿದ್ಯುತ್ತು ಇಲ್ಲ, ಬಲವೂ ಇಲ್ಲ. ಆದುದರಿಂದಲೇ 3,000ಕ್ಕೆ ಬದಲಾಗಿ 2,850 ಸುತ್ತಿನ ಆಸುಪಾಸಿನಲ್ಲಿ ಓಡುವುದು. ಹೊರೆ ಹೆಚ್ಚಿದಂತೆ ಮತ್ತಷ್ಟು ಹಿಂದುಳಿದು, ಅಷ್ಟೇ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುವುದು.

ಇದರಿಂದ ತಿಳಿಯಬೇಕಾದ ಮುಖ್ಯವಾದ ಮಾತು ಇಷ್ಟೆ: ತಿರುಗುವಿಕೆಯೇ ಮೋಟಾರಿಗೆ ಸಂಯಮ. ಸರಾಗವಾಗಿ ತಿರುಗುತ್ತಿರುವವರೆಗೆ ಅದು ಬೇಕಾದಷ್ಟನ್ನೇ ಎಳೆಯುವುದು. ಮರಳು ಸಿಕ್ಕಿ ಪಂಪು ಹಿಡಿದು ನಿಂತಿತೋ, ಐದಾರು ಪಟ್ಟು ಎಳೆಯುವುದು. ತಂತಿಯ ಕಾವು ಪ್ರವಾಹದ ವರ್ಗದಂತೆ ಏರುವುದರಿಂದ, ಐದು ಪಟ್ಟು ಪ್ರವಾಹಕ್ಕೆ ಕಾವು ಇಪ್ಪತ್ತೈದು ಪಟ್ಟು. ಒಂದು ಫೇಸು ಹೋದರೂ ಹೊರೆ ಇಳಿಯದು. ಉಳಿದೆರಡು ತಂತಿಗಳೇ ಅದನ್ನು ಹೊರಬೇಕು. ಆಗ ಅವುಗಳ ಪ್ರವಾಹವು ಸುಮಾರು 1.7 ಪಟ್ಟು, ಕಾವು ಮೂರು ಪಟ್ಟು ಆಗುವುದು.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮ ಅಣ್ಣನವರು, ಸ್ಟಾರ್ಟರಿನ ರಿಲೇ ಪದೇಪದೇ ಬೀಳುತ್ತದೆಂದು ಬೇಸತ್ತು, ಅದು ಬೀಳದಂತೆ ಕಟ್ಟಿಬಿಟ್ಟಿದ್ದರು. ‘ಅಣ್ಣಾ, ಅದೇಕೆ ಬೀಳುತ್ತದೆಂದು ನೋಡಿದಿರಾ?’ ಎಂದು ನಾನು ಕೇಳಲಿಲ್ಲ. ನನಗೂ ಆಗ ತಿಳಿದಿರಲಿಲ್ಲ. ಬೇಸಗೆಯ ಒಂದು ರಾತ್ರಿ ಒಂದು ಫೇಸು ಹೋಯಿತು. ಬೆಳಗಾಗುವಷ್ಟರಲ್ಲಿ ಮೋಟಾರು ಸುಟ್ಟಿದ್ದಿತು. ಪೈಪುಗಳನ್ನೆಲ್ಲ ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಹೊತ್ತಿಗೆ ಎಳೆಯ ಅಡಕೆ ಸಸಿಗಳಲ್ಲಿ ಬಹುಪಾಲು ಒಣಗಿದುವು. ನಮ್ಮನ್ನು ಎಚ್ಚರಿಸುತ್ತಿದ್ದ ಕಾವಲುಗಾರನ ಬಾಯನ್ನು ನಾವೇ ಕಟ್ಟಿದ್ದೆವು. ಆದಕಾರಣ ರಿಲೇಯನ್ನು ಕಟ್ಟಬೇಡಿರಿ. ಬಿದ್ದರೆ ಕಾರಣವನ್ನು ಹುಡುಕಿಸಿರಿ. ಫೇಸು ಹೋದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನವನ್ನು ಹಾಕಿಸಿರಿ. ಕರೆಂಟು ಬಂದೊಡನೆ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ, ಪ್ರತಿಯೊಂದು ಮೋಟಾರೂ ಹೊರಡುವಾಗ ಐದಾರು ಪಟ್ಟು ಎಳೆಯುವುದರಿಂದ ಎಲ್ಲರ ವೋಲ್ಟೇಜೂ ಕುಸಿಯುವುದು. ನೆರೆಹೊರೆಯವರು ಸರದಿಯಂತೆ ಹಾಕಿಕೊಂಡರೆ ಎಲ್ಲರಿಗೂ ಕ್ಷೇಮ.

ಮತ್ತೊಂದು ಲೆಕ್ಕವುಂಟು. ಐದು ಅಶ್ವಶಕ್ತಿಯೆಂದರೆ 3,730 ವ್ಯಾಟು. 100 ಮೀಟರು ಆಳದಿಂದ ನೀರೆತ್ತುವಾಗ, ಯಾವ ನಷ್ಟವೂ ಇಲ್ಲದಿದ್ದರೆ ಸೆಕೆಂಡಿಗೆ 3.8 ಲೀಟರು ಬರಬೇಕು. ಪಂಪಿನ ಮತ್ತು ಪೈಪಿನ ನಷ್ಟವನ್ನು ಕಳೆದರೆ ಅದರ ಅರ್ಧದಷ್ಟೆಂದು ತಿಳಿಯಿರಿ. ನೀರು 200 ಮೀಟರಿಗೆ ಇಳಿದರೆ ಅದರಲ್ಲಿಯೂ ಅರ್ಧ. ಮೋಟಾರು ದೊಡ್ಡದಾದ ಮಾತ್ರಕ್ಕೆ ನೀರು ಹುಟ್ಟುವುದಿಲ್ಲ. ಅದು ಇರುವ ನೀರನ್ನು ಎತ್ತಬಲ್ಲುದು, ಇಲ್ಲದುದನ್ನು ತರಲಾರದು. ಮಾರಿಕಣಿವೆಯು 1933ರ ಬಳಿಕ ಮತ್ತೆ ಕೋಡಿಬೀಳಲು 2022ರವರೆಗೆ ಕಾಯಬೇಕಾಯಿತೆಂಬುದನ್ನು ಬಲ್ಲ ಸೀಮೆ ಇದು. ಯಲ್ಲದಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಕೆರೆಯ ಹೂಳೆತ್ತಿ ಮಳೆಯ ನೀರನ್ನು ನೆಲಕ್ಕಿಳಿಸುವುದೂ ಮೋಟಾರಿನ ರಕ್ಷಣೆಯೇ ಸರಿ.

ಎಷ್ಟು ಕೆಲಸವೋ ಅಷ್ಟು ಆಹಾರ, ಇದು ಈ ಯಂತ್ರದ ಧರ್ಮ. ಅದನ್ನರಿತು ದುಡಿಸಿಕೊಳ್ಳುವುದು ನಮ್ಮ ಧರ್ಮ.